ಮೂರ್ನಾಡಿನಲ್ಲಿ ತೆಗೆದ ಚಿತ್ರ

ಐತಪ್ಪಣ್ಣ, ನನ್ನ ಕ್ಯಾಮೆರಾ ಕಳವಾಗಲೇ ಇಲ್ಲ. ನೀವು ಕಂಡಕ್ಟರಾಗಿದ್ದ ಬಸ್ಸಿನಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಅದು ನಮ್ಮ ಮನೆಯಲ್ಲೇ ಇತ್ತು. ಮಡಿಕೇರಿ ಠಾಣೆಯಲ್ಲಿ ನಾನು ಹೇಳಿದ್ದು ಸುಳ್ಳು — ತಿಳಿದೂ ತಿಳಿದೂ ಹೇಳಿದ ಸುಳ್ಳು.

ಇದನ್ನು ಬರೆಯಕೂಡದೆಂದು ನನ್ನಣ್ಣ ಎರಡು ದಿನದಿಂದ ಮುಖ ಊದಿಸಿಕೊಂಡು ಕೂತಿದ್ದಾನೆ. ಕೂತಿರಲಿ. ಇಷ್ಟು ವರ್ಷ ಅವನ ಮಾತು ಕೇಳಿದ್ದಾಯಿತು.

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ನಾನು ಆಫ್ರಿಕಾದ ಮೊಂಬಾಸಾದಿಂದ ಊರಿಗೆ ಬಂದಿದ್ದೆ. ನಮ್ಮ ಯಜಮಾನರಿಗೆ ಅಲ್ಲಿನ ಬಂದರಿನಲ್ಲಿ ಗುಮಾಸ್ತಿಕೆ. ಹಗಲೆಲ್ಲ ಒಬ್ಬಳೇ ಇರುತ್ತಿದ್ದ ನನಗೆ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ಹೆಂಗಸಿಗೇಕೆ ಇದೆಲ್ಲ ಎಂದವರಿಗೆ ನಾನು ಸೊಪ್ಪು ಹಾಕಿದವಳಲ್ಲ. ಕ್ಯಾಮೆರಾ ನನ್ನ ಹೆಸರಿನಲ್ಲೇ ಇತ್ತು, ಅದರ ವಿಮೆಯೂ. ಊರಿಗೆ ಕೊಂಡೊಯ್ದಾಗ ಕಳವಾದರೂ ವಿಮೆಯವರು ಹೊಸದು ಕೊಡುತ್ತಿದ್ದರು. ನಮ್ಮ ಕೈಯಿಂದಲೇ ಹಾಳಾದರೆ ಏನೂ ಇಲ್ಲ.

ಮೂರ್ನಾಡಿನಲ್ಲಿ ನೀವು ಬಸ್ಸಿನ ಮೇಲಿಂದ ನನ್ನ ಚೀಲ ಇಳಿಸಿಕೊಟ್ಟಿರಿ. ನಾನು ಅಲ್ಲೇ ಕ್ಯಾಮೆರಾ ಹೊರತೆಗೆದು, ಟಿಕೆಟಿನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ ನಿಮ್ಮ ಚಿತ್ರ ತೆಗೆದೆ. ಒಂದು ಪ್ರತಿ ಮನೆಯವಳಿಗೆ ಬೇಕೆಂದು ನಾಚುತ್ತ ಕೇಳಿದಿರಿ. ನನ್ನನ್ನು ಕರೆದೊಯ್ಯಲು ಬಂದಿದ್ದ ಅಣ್ಣ ಪಕ್ಕದಲ್ಲೇ ಇದ್ದ.

ಮರುದಿನ ಕೈಲ್ ಮುಹೂರ್ತ. ಕೋವಿ, ಕತ್ತಿಗಳನ್ನೆಲ್ಲ ತಿಕ್ಕಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿಟ್ಟು ಪೂಜಿಸುವ ದಿನ. ನಾನು ಮಿಂದು ಬರುವಷ್ಟರಲ್ಲಿ ಅಜ್ಜಿ ಕೋವಿಗಳ ಸಾಲಿನಲ್ಲಿ ನನ್ನ ಕ್ಯಾಮೆರಾವನ್ನೂ ಇಟ್ಟಿದ್ದರು. ಇಟ್ಟದ್ದಷ್ಟೇ ಅಲ್ಲ — ಕೋಳಿಗರಿಯನ್ನು ಎಣ್ಣೆಯಲ್ಲಿ ಅದ್ದಿ, ಕೋವಿಗೆ ಹಚ್ಚುವ ಹಾಗೆಯೇ, ಅದರ ಸಂದುಗೊಂದಿಗೆಲ್ಲ ಎಣ್ಣೆ ಬಿಟ್ಟಿದ್ದರು.

"ನಿನ್ನ ಆಯುಧ ಇದೇ ಅಲ್ವಾ ಮಗಾ? ತುಕ್ಕು ಹಿಡೀಬಾರ್ದು," ಅಂದರು.

ಆ ಮನೆಯಲ್ಲಿ ನನ್ನನ್ನು ಗಂಡಸರ ಸಾಲಿಗೆ ಸೇರಿಸಿದವರು ಅವರೊಬ್ಬರೇ. ಬಯ್ಯಲು ಬಾಯಿ ಬರಲಿಲ್ಲ. ಗುಂಡಿ ಒತ್ತಿ ನೋಡಿದೆ, ಕ್ಯಾಮೆರಾ ಮಿಸುಕಲಿಲ್ಲ.

ಅಜ್ಜಿಯ ಮನಸ್ಸು ನೋಯಬಾರದೆಂದು ಕಳವಿನ ಕತೆ ಕಟ್ಟಿದೆ — ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಥೂ, ಅದೂ ಸುಳ್ಳು. ಕ್ಯಾಮೆರಾ ಇಲ್ಲದೆ ಆ ಪರದೇಶದ ಕೋಣೆಯಲ್ಲಿ ಒಬ್ಬಳೇ... ಬೇಡ, ಅದೂ ನೆವವೇ. ನನಗೆ ಅದು ಬೇಕಿತ್ತು, ಅಷ್ಟೆ.

ವಿಮೆಯವರಿಗೆ ಪೊಲೀಸ್ ದೂರಿನ ನಕಲು ಬೇಕು. ಬಸ್ಸಿನ ಮೇಲೆ ಹಾಕಿದ್ದ ಚೀಲದಿಂದಲೇ ಕಳವಾಯಿತೆಂದು ಬರೆದುಕೊಟ್ಟೆ. ಬರೀ ಒಂದು ಕಾಗದ, ಅದರಿಂದ ಯಾರಿಗೇನು ಎಂದುಕೊಂಡಿದ್ದೆ. ಮೂರನೆಯ ದಿನ ಠಾಣೆಗೆ ಕರೆಸಿದರು. ಅಲ್ಲಿ ನೀವು ನಿಂತಿದ್ದಿರಿ.

"ಅಕ್ಕ, ಚೀಲ ಇಳಿಸಿದ್ಮೇಲೆ ನೀವು ನನ್ನ ಫೋಟೋ ತೆಗೆದ್ರಲ್ಲ? ಹೇಳಿ ಅಕ್ಕ."

"ಇಲ್ಲ," ಎಂದೆ.

ನನ್ನ ಜೊತೆ ಬಂದಿದ್ದ ಅಣ್ಣ ನೆಲ ನೋಡುತ್ತಿದ್ದ. ನೀವು ನನ್ನ ಮುಖವನ್ನೇ ನೋಡಿದಿರಿ. ಸಾಕ್ಷಿ ಇಲ್ಲವೆಂದು ಪೊಲೀಸರು ಬಿಟ್ಟರು; ಬಸ್ಸಿನ ಮಾಲೀಕರು ಬಿಡಲಿಲ್ಲ. ಕೆಲಸ ಹೋಗಿ ನೀವು ಶಿರಂಗಾಲದಲ್ಲಿ ಕಂಡವರ ಗದ್ದೆಗೆ ಕೂಲಿಗೆ ಇಳಿದಿರಿ. ಕಳ್ಳನೆಂಬ ಹೆಸರು ಅಲ್ಲಿಗೂ ಬಂತಂತೆ.

ನನಗೆ ಹೊಸ ಕ್ಯಾಮೆರಾ ಬಂತು. ಹಳೆಯದನ್ನು ಸೀರೆಗಳ ನಡುವೆ ಅಡಗಿಸಿ ಮೊಂಬಾಸಾಕ್ಕೆ ಒಯ್ದಿದ್ದೆ. ಒಳಗಿದ್ದ ಫಿಲ್ಮ್‌ಗೆ ಎಣ್ಣೆ ತಾಗಿರಲಿಲ್ಲ. ತೊಳೆಸಿದೆ. ಕೊನೆಯ ಚಿತ್ರದಲ್ಲಿ ನೀವು ನಗುತ್ತ ನಿಂತಿದ್ದಿರಿ.

ಈಗ ನಾವು ಊರಿಗೇ ಬಂದು ನೆಲೆಸಿದ್ದೇವೆ. ಮನೆತನದ ಮರ್ಯಾದೆ ಹೋಗುತ್ತದೆ ಎನ್ನುತ್ತಾನೆ ಅಣ್ಣ. ನಿಮ್ಮದು ಹೋದಾಗ ಅವನೂ ನಾನೂ ಸುಮ್ಮನಿದ್ದೆವಲ್ಲ! ಹೋಗಲಿ. ನನ್ನನ್ನು ಜೈಲಿಗೆ ಹಾಕುವುದಾದರೆ ಹಾಕಲಿ. ನಿಮ್ಮ ಕ್ಷಮೆ ಕೇಳುವುದಿಲ್ಲ, ಐತಪ್ಪಣ್ಣ — ಕೇಳುವ ಮುಖ ನನಗಿಲ್ಲ.

ಆ ಚಿತ್ರದ ನಾಲ್ಕು ಪ್ರತಿ ಹಾಕಿಸಿದ್ದೇನೆ. ಒಂದು ಠಾಣೆಗೆ, ಒಂದು ಬಸ್ಸಿನ ಮಾಲೀಕರಿಗೆ, ಒಂದು ವಿಮೆಯವರಿಗೆ. ಮೂರರ ಹಿಂದೆಯೂ ಬರೆದು ಸಹಿ ಹಾಕಿದ್ದೇನೆ: ಇದನ್ನು ತೆಗೆದಾಗ ಚೀಲ ಬಸ್ಸಿನಿಂದ ಇಳಿದಾಗಿತ್ತು, ಕ್ಯಾಮೆರಾ ನನ್ನ ಕೈಯಲ್ಲಿತ್ತು.

ನಾಲ್ಕನೆಯದರ ಹಿಂದೆ ಏನೂ ಬರೆದಿಲ್ಲ. ಅದು ನಿಮ್ಮ ಮನೆಯವರಿಗೆ, ನೀವು ಅಂದು ಕೇಳಿದ್ದು. ನಾಳೆ ಬೆಳಗಿನ ಬಸ್ಸಿಗೆ, ಈ ಕಾಗದದ ಜೊತೆ, ನಾನೇ ತರುತ್ತೇನೆ.