ಮಂಡಿಗೂ ನೆಲಕ್ಕೂ ಒಂಬತ್ತು ಇಂಚು

ಬಾಗಿಲ ಮೇಲಿನ ಕಟ್ಟಿಗೆಗೆ ಎರಡೂ ಕೈ ಹಚ್ಚಿ, ಎದೆ ಮುಂದಕ್ಕೆ ತಂದು, ಕೊರಳಲ್ಲಿ ಟೇಪು ಜೋತಾಡುತ್ತಿದ್ದಂತೆಯೇ ಕಣ್ಣು ಮುಚ್ಚಿ ನಿಂತ ಎಪ್ಪತ್ತರ ಮನುಷ್ಯ. ನಮ್ಮ ಟೇಲರ್ ಕಾಕಾ ನೆನಪಾದರೆ ಮೊದಲು ಕಾಣುವುದು ಇದು. ಅವರ ಅಂಗೈ ತಾಗಿ ತಾಗಿ ಆ ಕಟ್ಟಿಗೆಯ ಎರಡು ಜಾಗ ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿನುಗುತ್ತಿದ್ದವು. ಗಿರಾಕಿ ಹೊರಗೆ ನಿಂತಿರಲಿ, ಒಳಗೆ ಸಿಕ್ಕಿಕೊಂಡಿರಲಿ, ಮೈ ಜಗ್ಗುವುದು ಮುಗಿಯುವ ತನಕ ಬಾಗಿಲು ಬಿಡುತ್ತಿರಲಿಲ್ಲ.

ಅಂಗಡಿ ಇದ್ದದ್ದು ಸಿಂದಗಿಯ ಬಸ್ ನಿಲ್ದಾಣದ ಎದುರಿಗೆ. ಇಂಡಿ ಬಸ್ಸು ಹೊರಟಿತೆಂದರೆ ಹೊಲಿಗೆ ಮಶೀನು ನಿಂತಂತೆಯೇ. ಕಾಕಾ ಎದ್ದು ಹೆಗಲು ಜಗ್ಗುವರು. ಮುದ್ದೇಬಿಹಾಳದ ಬಸ್ಸು ಹೊರಟರೆ ಮತ್ತೆ ಎದ್ದು ಸೊಂಟ. ನಾಗರ ಪಂಚಮಿಯ ಹಿಂದಿನ ದಿನ ಕುಪ್ಪಸಕ್ಕೆ ಕಾದು ನಿಂತ ಹೆಣ್ಣುಮಕ್ಕಳು ಬಾಯಿಗೆ ಬಂದಂತೆ ಬೈದರೂ ಮನುಷ್ಯ ಕದಲುತ್ತಿರಲಿಲ್ಲ. ಹೇಳಿದ ದಿನಕ್ಕೆ ಅವರು ಒಂದು ಬಟ್ಟೆ ಕೊಟ್ಟದ್ದು ನನಗೆ ನೆನಪಿಲ್ಲ. ಅವರ ಓರಗೆಯ ಟೇಲರ್‌ಗಳೆಲ್ಲ ಮಶೀನಿನ ಮೇಲೆ ಬಾಗಿ ಬಾಗಿ ಗೂನರಾಗಿದ್ದರು, ಇವರ ಬೆನ್ನು ಮಾತ್ರ ನೆಟ್ಟಗಿತ್ತು. ಅದನ್ನು ಒಪ್ಪಿಕೊಳ್ಳಲಿಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ನಾನು ಇಪ್ಪತ್ತಾರು ವರ್ಷ ಖುರ್ಚಿಯಲ್ಲಿ ಕೂತ ಗುಮಾಸ್ತ. ಮನೆಯಲ್ಲಿ ಡೈನಿಂಗ್ ಟೇಬಲ್ ಬಂದ ಮೇಲೆ ನೆಲಕ್ಕೆ ಕೂತು ಉಣ್ಣುವುದೂ ತಪ್ಪಿತ್ತು. ಮಗಳನ್ನೂ ಕರೆದುಕೊಂಡು ಅವಳ ಮದುವೆಯ ಮಾತುಕತೆಗೆ ಲಚ್ಯಾಣಕ್ಕೆ ಹೋದಾಗ ಗಂಡಿನ ಮನೆಯವರು ಪಂಕ್ತಿಗೆ ಕೂಡಿಸಿದರು. ನಾನು ಕಾಲು ಮಡಚಿದೆ, ಪ್ಯಾಂಟು ಹಿಂದೆ, ಆಸನದ ಹತ್ತಿರ, ಟರ್ರೆಂದು ಹರಿಯಿತು. ಏಳಲು ಹೋದರೆ ಮಂಡಿ ಏಳಲಿಲ್ಲ. ಇಬ್ಬರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಯಾರೋ ಬೀಗರಿಗೆ ಒಂದು ಖುರ್ಚಿ ಹಾಕಿರೆಂದು ಕೂಗಿದರು. ನನ್ನ ವಯಸ್ಸು ಆಗ ಐವತ್ತೂ ತುಂಬಿರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಮಗಳು ಒಂದೇ ಮಾತು ಆಡಿದಳು.

"ಅಪ್ಪಾ, ಮದುವ್ಯಾಗ ಖುರ್ಚಿ ಮ್ಯಾಲ ಕುಂದರಬ್ಯಾಡ. ಧಾರಿ ಎರಿಯೂ ಮುಂದ ನನ್ನ ಮಗ್ಗಲಕ ನೆಲದ ಮ್ಯಾಲ ಕುಂದರು."

ಮರುದಿನವೇ ಬೂದಿ ಬಣ್ಣದ ಬಟ್ಟೆ ಹಿಡಿದು ಕಾಕಾನ ಅಂಗಡಿಗೆ ಹೋದೆ. ಆದದ್ದನ್ನೆಲ್ಲ ಹೇಳಿ, ಹರಿಯದಂತಹ ಪ್ಯಾಂಟು ಹೊಲಿಯಿರಿ ಎಂದೆ. ಅವರು ಸೊಂಟ, ಉದ್ದ, ತೊಡೆ ಅಳೆದು ಟೇಪನ್ನು ಕೊರಳಿಗೆ ಹಾಕಿಕೊಂಡರು. ಮುಗಿಯಿತೆಂದು ನಾನು ಚಪ್ಪಲಿ ಮೆಟ್ಟಿದೆ.

"ಅಳತಿ ಇನ್ನ ಅರ್ಧ ಆಗೇತ್ರಿ ಸರ. ಉಳದದ್ದು ನೆಲದ ಮ್ಯಾಲ ಐತಿ. ಕುಂತು ತೋರಸ್ರಿ."

ಬಟ್ಟೆಯ ಚೂರುಗಳ ನಡುವೆ ಕೂತೆ. ಕೂತೆ ಎನ್ನುವುದಕ್ಕಿಂತ ಬಿದ್ದೆ. ಕಾಲು ಮಡಚಿದಾಗ ಬಲಮಂಡಿ ಮೇಲಕ್ಕೆ ನಿಗುರಿಕೊಂಡಿತು. ಕಾಕಾ ಬಗ್ಗಿ ಮಂಡಿಗೂ ನೆಲಕ್ಕೂ ನಡುವೆ ಟೇಪು ಹಿಡಿದರು. ಒಂಬತ್ತು ಇಂಚು. ನೀಲಿ ಸೀಮೆಸುಣ್ಣದಿಂದ ಬಾಗಿಲ ಹಿಂದೆ ಬರೆದೂ ಬಿಟ್ಟರು. ಇದು ನಾಲ್ಕಕ್ಕೆ ಇಳಿಯುವ ತನಕ ಪ್ಯಾಂಟು ಸಿಗುವುದಿಲ್ಲ, ದಿನಾ ಕಚೇರಿಗೆ ಹೋಗುವ ಮುಂಚೆ ಹತ್ತು ನಿಮಿಷ ಇಲ್ಲಿಗೆ ಬರಬೇಕು ಎಂದರು. ಬೇರೆ ಕಡೆ ಹೊಲಿಸೋಣವೆಂದರೆ ಬಟ್ಟೆ ಆಗಲೇ ಅವರ ಕೈಯಲ್ಲಿತ್ತು. ಹಾಗಾದರೆ ಧೋತರ ಉಡುತ್ತೇನೆ ಎಂದು ಹೆದರಿಸಿದೆ.

"ಧೋತರ ಹರಿಯೂದಿಲ್ಲ, ಖರೆ. ಅದರೊಳಗಿನ ಮಂಡಿ ಇವೇ ಅಲ್ಲೇನ್ರಿ?"

ಹೀಗೆ ಎರಡು ತಿಂಗಳು ಆ ಮನುಷ್ಯ ನನ್ನ ಜೀವ ತಿಂದರು. ಮೊದಲು ಬಾಗಿಲ ಕಟ್ಟಿಗೆ ಹಿಡಿದು ನಿಲ್ಲಬೇಕು. ಆಮೇಲೆ ಇಸ್ತ್ರಿ ಮೇಜಿನ ಕೆಳಗಿನ ಪಟ್ಟಿಗೆ ಹಿಮ್ಮಡಿ ಇಟ್ಟು ಮುಂದಕ್ಕೆ ಬಾಗಬೇಕು. ಕೊನೆಗೆ ನೆಲಕ್ಕೆ ಕೂತು ಎರಡೂ ಅಂಗಾಲು ಕೂಡಿಸಿ ಮಂಡಿಗಳನ್ನು ತಾವಾಗಿ ಇಳಿಯಲು ಬಿಡಬೇಕು. ಕುಪ್ಪಸದ ಅಳತೆಗೆ ಬಂದವರು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದರು. ಕಚೇರಿಯ ಜವಾನ ಒಂದು ದಿನ ಇಣುಕಿ ನೋಡಿ ಹೋದ, ಮಧ್ಯಾಹ್ನದೊಳಗೆ ಸುದ್ದಿ ಎಲ್ಲ ಟೇಬಲ್ಲಿಗೂ ಮುಟ್ಟಿತ್ತು. ಮದುವೆಯ ಬಂಗಾರ ತರಲು ಹೋಗಿ ಎರಡು ದಿನ ತಪ್ಪಿಸಿದೆ. ಮನೆಯಲ್ಲೇ ಮಾಡಿದೆ ಎಂದು ಸುಳ್ಳು ಹೇಳಿದೆ. ಕಾಕಾ ವಾದ ಮಾಡಲಿಲ್ಲ, ಟೇಪು ಹಿಡಿದರು. ಆರಕ್ಕೆ ಇಳಿದದ್ದು ಮತ್ತೆ ಏಳಾಗಿತ್ತು.

ನನಗೆ ಅವಸರ. ಒಂದು ಮುಂಜಾನೆ ಮನೆಯಲ್ಲಿ ಮಂಡಿಗಳ ಮೇಲೆ ಕೈ ಊರಿ ಒತ್ತಿದೆ. ತೊಡೆಸಂದಿಯಲ್ಲಿ ಚಳಕ್ ಎಂದಿತು. ಕುಂಟುತ್ತ ಅಂಗಡಿಗೆ ಹೋದರೆ ಅವರು ಮೊದಲ ಬಾರಿ ನನ್ನ ಮೇಲೆ ಸಿಟ್ಟಾದರು. ನಾಲ್ಕು ದಿನ ಏನೂ ಮಾಡಿಸದೆ ಸುಮ್ಮನೆ ಕೂಡಿಸಿದರು. ಆಮೇಲೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಒತ್ತಬ್ಯಾಡ್ರಿ. ಎಲ್ಲಿ ಬಿಗೀತೈತಿ, ಅಲ್ಲೇ ಸುಮ್ನ ನಿಂದರ್ರಿ. ಉಸರ ಬಿಡ್ರಿ. ನಾಳಿಗಿ ಮತ್ತ ಬರ್ರಿ, ಅಷ್ಟ."

ಅಷ್ಟೇ ಎನ್ನುವಷ್ಟು ಸುಲಭವಿರಲಿಲ್ಲ, ಆದರೆ ಕೆಲಸ ಅಷ್ಟರಲ್ಲೇ ಆಯಿತು. ಐದಾಯಿತು, ನಾಲ್ಕೂವರೆಯಾಯಿತು. ಮದುವೆಗೆ ಎರಡು ದಿನ ಇರುವಾಗ ಟೇಪು ನಾಲ್ಕು ತೋರಿಸಿತು. ಕಾಕಾ ನನ್ನ ಬೆನ್ನ ಹಿಂದೆ ಹೋಗಿ ಕಾಗದದಲ್ಲಿ ಸುತ್ತಿದ ಪ್ಯಾಂಟು ತಂದು ಕೈಗಿಟ್ಟರು. ಶಹಬ್ಬಾಸ್ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ, ಅದೂ ಇಲ್ಲ.

ಮದುವೆಯ ದಿನ ಮಗಳ ಪಕ್ಕದಲ್ಲಿ ನೆಲಕ್ಕೆ ಕೂತು ಧಾರೆ ಎರೆದೆ. ಮುಕ್ಕಾಲು ತಾಸು. ಕಾಲಿಗೆ ಜೋಮು ಹಿಡಿಯಿತು, ಪ್ಯಾಂಟು ಹರಿಯಲಿಲ್ಲ, ಎದ್ದಾಗ ಯಾರೂ ರಟ್ಟೆ ಹಿಡಿಯಲಿಲ್ಲ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ನನಗೆ ಅಳು ಬಂತು. ಮಂಟಪದ ಎದುರಿಗೆ ಕಾಕಾ ಕೂತಿದ್ದರು. ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ ಅವರು ನನ್ನ ಮಂಡಿ ನೋಡುತ್ತಿದ್ದರು.

ಹೋದ ಶ್ರಾವಣದಲ್ಲಿ, ಮಧ್ಯಾಹ್ನ ಉಂಡು ಅಡ್ಡಾದ ಕಾಕಾ ಏಳಲಿಲ್ಲ. ಅಂಗಡಿಯನ್ನು ಈಗ ಅವರ ಸೊಸೆ ನಡೆಸುತ್ತಾಳೆ. ಮೊನ್ನೆ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಅದೇ ಪ್ಯಾಂಟು ತೆಗೆದರೆ ಸೊಂಟ ಬಿಗಿಯಾಗಿತ್ತು. ಸಡಿಲ ಮಾಡಿಸಲು ಕೊಟ್ಟೆ. ಆಕೆ ಅದನ್ನು ಒಳಮೈ ತಿರುವಿ, ಆಸನದಲ್ಲಿ ಅದೇ ಬಟ್ಟೆಯ ಅಗಲವಾದ ತುಂಡೊಂದನ್ನು ಎರಡೆರಡು ಹೊಲಿಗೆ ಹಾಕಿ ಕೂಡಿಸಿದ್ದನ್ನು ತೋರಿಸಿದಳು. ಹೊರಗಿನಿಂದ ಅದು ಕಾಣುವಂತೆಯೇ ಇರಲಿಲ್ಲ.

"ಇದು ಹರಿಯೂದ ಇಲ್ರಿ, ನೀವು ಹ್ಯಾಂಗ ಕುಂತ್ರೂ. ನೀವು ಬಟ್ಟಿ ಕೊಟ್ಟ ವಾರದಾಗ ಮಾವಾರು ಹೊಲದ ಇಟ್ಟಿದ್ರು. ಕಾಗದದಾಗ ಸುತ್ತಿದ್ದು ಎರಡ ತಿಂಗಳ ಆ ಗೂಟಕ್ಕ ತೂಗಿತ್ತು."

ಗೂಟ ಇದ್ದದ್ದು ನಾನು ಅಂಗಾಲು ಕೂಡಿಸಿ ಕೂಡುತ್ತಿದ್ದ ಜಾಗದ ಹಿಂದೆ, ತಲೆಯ ಮೇಲೆ. ನನಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳು ಊರ ಜನರ ಮುಂದೆ ನನ್ನನ್ನು ಕಪ್ಪೆಯ ಹಾಗೆ ಕೂಡಿಸಿದವರು, ಹರಿಯದ ಪ್ಯಾಂಟನ್ನು ಮೊದಲ ವಾರವೇ ಹೊಲಿದು ನನ್ನ ಬೆನ್ನ ಹಿಂದೆ ತೂಗುಹಾಕಿದ್ದರು. ನನ್ನ ಮಂಡಿ ಇಳಿಯದೇ ಹೋಗಿದ್ದರೂ ಅದನ್ನು ಕೊಡುವವರೇ ಇದ್ದರು. ಜಗಳ ತೆಗೆಯೋಣವೆಂದರೆ ಮನುಷ್ಯನೇ ಇಲ್ಲ.

ಎದುರಿಗೆ ಇಂಡಿ ಬಸ್ಸು ಹೊರಟಿತು. ಸೊಸೆ ಮಶೀನು ನಿಲ್ಲಿಸಿ ಎದ್ದು ಬಾಗಿಲಿಗೆ ಹೋದಳು, ನನ್ನನ್ನು ನೋಡಿ ಹಿಂದೆ ಸರಿದಳು.

"ಮೊದಲ ನೀವ ಹಿಡೀರಿ ಸರ," ಎಂದಳು.

ನಾನು ಬಾಗಿಲಿಗೆ ಹೋಗಿ ಕೈ ಎತ್ತಿ, ಕಪ್ಪಗೆ ಮಿನುಗುವ ಆ ಎರಡು ಜಾಗದ ಮೇಲೆ ಅಂಗೈ ಇಟ್ಟೆ.