ಗೆರೆ ಏನು ಹೇಳುತ್ತದೆ

ಡೇಟಾಬೇಸಿನ ನಕ್ಷೆ ಬರೆಯಲು ನನ್ನದೇ ಒಂದು ಭಾಷೆ ಇದೆ ಎಂದರೆ ಈಗಿನ ಎಂಜಿನಿಯರುಗಳು ನಗುತ್ತಾರೆ. ನಗಲಿ. ಅದು ಪುಸ್ತಕದಿಂದ ಬಂದದ್ದಲ್ಲ. ಪುತ್ತಿಗೆಯ ಒಂದು ಮನೆಯ ಚಾವಡಿಯಲ್ಲಿ ನಾನೇ ಮೈಮೇಲೆ ಎಳೆದುಕೊಂಡ ಅವಮಾನದಿಂದ ಹುಟ್ಟಿದ್ದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಸೀತಾಂಗೋಳಿಯಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸು ನಡೆಸುತ್ತಿದ್ದೆ. ಕಲಿಯಲು ಬರುವವರು ಬೆರಳೆಣಿಕೆಯಷ್ಟು. ಆಗ ತುಳು ಮಾತಾಡುವ ಸಮುದಾಯವೊಂದರ ಸಂಘದವರು ಕರೆದರು. ತಮ್ಮ ಮನೆತನಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮದುವೆಗೆ ಹೊಂದುವ ಜೋಡಿ ಹುಡುಕಿಕೊಡಬೇಕಂತೆ. ಆ ಕೆಲಸ ಸಿಕ್ಕದಿದ್ದರೆ ಕ್ಲಾಸಿಗೆ ಬೀಗ ಹಾಕುವುದೊಂದೇ ನನಗೆ ಉಳಿದಿದ್ದ ದಾರಿ.

ಅವರಲ್ಲಿ ಪ್ರತಿಯೊಬ್ಬರಿಗೂ ‘ಬಳಿ’ ಎಂಬ ಕುಲ ಇದೆ, ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಅಷ್ಟು ಗೊತ್ತಿತ್ತು. ಉಳಿದದ್ದನ್ನು ಕೇಳಬೇಕೆಂದೇ ಹೊಳೆಯಲಿಲ್ಲ. ನಾನು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವಳು, ಅಪ್ಪನ ಮನೆಹೆಸರು ಮಕ್ಕಳಿಗೆ ಬರುವುದನ್ನು ಹುಟ್ಟಿನಿಂದ ಕಂಡವಳು. ನಕ್ಷೆಯಲ್ಲಿ ‘ಅಪ್ಪ’ ಎಂಬ ಚೌಕದಿಂದ ‘ಬಳಿ’ ಎಂಬ ಚೌಕಕ್ಕೆ ಸ್ಕೇಲಿಟ್ಟು ಚೆಂದದ ಗೆರೆ ಎಳೆದೆ. ಸಂಘದವರಿಗೆ ತೋರಿಸಿದೆ. ಸರಿ ಎಂದು ತಲೆಯಾಡಿಸಿದರು.

ಮಾದರಿಗೆಂದು ಅಧ್ಯಕ್ಷರ ಕುಟುಂಬದ ವಿವರವನ್ನೇ ಹಾಕಿ, ಕಂಪ್ಯೂಟರ್ ಹೊಂದಿಸಿಕೊಟ್ಟ ಜೋಡಿಗಳ ಪ್ರಿಂಟ್ ತೆಗೆದು, ಅವರ ಚಾವಡಿಯಲ್ಲಿ ಓದಿದೆ. ಮೊದಲ ಜೋಡಿಯ ಹೆಸರು ಕೇಳಿದ್ದೇ ಗಂಡಸರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರ ಮುದಿ ತಾಯಿ ಮಾತ್ರ ಜೋರಾಗಿ ನಕ್ಕರು.

“ಅವರಿಬ್ಬರೂ ನನ್ನ ಇಬ್ಬರು ಹೆಣ್ಣುಮಕ್ಕಳ ಮಕ್ಕಳು ಮಾರಾಯ್ತಿ. ನಮ್ಮಲ್ಲಿ ಅವರು ಅಣ್ಣ ತಂಗಿ. ಬಳಿ ಬರುವುದು ತಾಯಿಯಿಂದ ಅಲ್ವಾ?”

ಅಧ್ಯಕ್ಷರು ಎದ್ದರು. “ಇದು ಆಗುವ ಹೋಗುವ ಕೆಲಸ ಅಲ್ಲ ಟೀಚರೇ.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಕ್ಲಾಸಿನ ಬೀಗ ಕಣ್ಣ ಮುಂದೆ ಬಂತು.

“ನೀನು ಕೂತುಕೊ,” ಎಂದರು ತಾಯಿ ಮಗನಿಗೆ. “ಅವಳು ಕೇಳಲಿಲ್ಲ, ಸರಿ. ನೀನು ಹೇಳಿದೆಯಾ?” ಆಮೇಲೆ ನನ್ನ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು, “ಈ ಗೆರೆ ಎಂತ ಹೇಳ್ತದೆ ಮಗಾ?”

ಗೆರೆ ಏನನ್ನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ತಲೆಯಾಡಿಸಿದವರಲ್ಲಿ ಒಬ್ಬರಾದರೂ ಅಂದೇ ತಿದ್ದುತ್ತಿದ್ದರು.

ಹಾಳೆ ತಿರುಗಿಸಿ ಹೊಸದಾಗಿ ಬರೆದೆ. ಈ ಸಲ ಪ್ರತಿ ಗೆರೆಗೂ ವಾಕ್ಯಗಳು, ಅತ್ತಲಿಂದ ಓದಲು ಒಂದು, ಇತ್ತಲಿಂದ ಓದಲು ಇನ್ನೊಂದು. ‘ಮಗುವಿಗೆ ತಾಯಿಯ ಬಳಿ, ಅದೊಂದೇ.’ ‘ಒಂದು ಬಳಿಯಲ್ಲಿ ಹಲವು ತಾಯಂದಿರು.’ ಆ ಅಮ್ಮನಿಗೆ ಓದು ಬರುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ, ಅವರು ಒಂದೊಂದಕ್ಕೂ ಹೂಂಗುಟ್ಟಿದರು. ಮದುವೆಯಾದ ಹೆಣ್ಣಿಗೆ ಗಂಡನ ಬಳಿ ಎಂದು ಬರೆದಲ್ಲಿ ತಡೆದರು.

“ಮದುವೆಯಾದರೆ ಹೆತ್ತವಳು ಬದಲಾಗ್ತಾಳಾ?”

ಹೊಡೆದುಹಾಕಿದೆ. ಇಂದಿಗೂ ಗಟ್ಟಿಯಾಗಿ ಓದಲು ಬಾರದ ಗೆರೆಯನ್ನು ನಾನು ಎಳೆಯುವುದಿಲ್ಲ, ಬೇರೆಯವರು ಎಳೆದರೆ ಒಪ್ಪುವುದೂ ಇಲ್ಲ.

ಕೊನೆಯ ವಾಕ್ಯ ಮುಗಿದಾಗ ಅವರು ಮಗನ ಕಡೆ ನೋಡಿ, “ಕೆಲಸ ಇವಳೇ ಮಾಡಲಿ,” ಎಂದರು. ಮತ್ತೆ ನನ್ನ ಕಡೆ ತಿರುಗಿದರು.

“ಬರೆ. ಮೊದಲು ನನ್ನ ತಾಯಿಯ ಹೆಸರು.”