ದೊಡ್ಡಮ್ಮ ಒಪ್ಪಿದ ಆರೈಕೆ ಕೇಂದ್ರ

ಇದನ್ನು ಮೊದಲು ಹೇಳಿದ್ದು ನಮ್ಮ ಗಿರಿಜಕ್ಕ, ನಿನ್ನೆ ಸಂಜೆ, ಹರಿಹರದ ಮನೆಯಲ್ಲಿ. ಸೊಂಟದ ಆಪರೇಷನ್ ಆದ ದೊಡ್ಡಮ್ಮನನ್ನು ನಡೆಯುವಂತಾಗುವವರೆಗೆ ಇರಿಸಲು ಅಕ್ಕ ದಾವಣಗೆರೆಯ ಸರಸ್ವತಿ ನಗರದಲ್ಲಿ ಒಂದು ಆರೈಕೆ ಕೇಂದ್ರ ನೋಡಿ ಬಂದಿದ್ದಳು. ಹಾಸಿಗೆ, ಔಷಧಿ, ಬಚ್ಚಲು, ಎಲ್ಲಕ್ಕೂ ಅವಳ ಪಟ್ಟಿಯಲ್ಲಿ ಟಿಕ್ ಬಿದ್ದಿತ್ತು. ದೊಡ್ಡಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಒಂದೇ ಬೇಜಾರು," ಎಂದಳು ಅಕ್ಕ. "ಊಟದ ಹೊತ್ನಾಗೆ ಒಬ್ಬ ಅಜ್ಜಿ 'ಈ ರೊಟ್ಟಿ ನೀನೇ ತಿನ್ನು' ಅಂತ ಆಯಾಗೆ ಬೈತಿದ್ರು. ಅವಳೂ ಸುಮ್ನಿರ್ಲಿಲ್ಲ. 'ರೊಟ್ಟಿ ಮೆತ್ತಗೇ ಐತೆ, ನಿಮ್ ಹಲ್ಲು ಎಲ್ಲಿಟ್ರಿ ನೋಡ್ಕಳ್ರಿ' ಅಂತ ನಕ್ಕಂತ ಮುರಿದು ಹಾಲಿಗೆ ಹಾಕಿ ಕೊಟ್ಲು."

ದೊಡ್ಡಮ್ಮ ಈ ಕಡೆ ತಿರುಗಿದಳು. "ಅಲ್ಲಿಗೇ ಕರ್ಕಂಡ್ ಹೋಗ್ರಿ. ಹೆದ್ರಿಕೆ ಇರೋ ಕಡೆ ಯಾರೂ ರೊಟ್ಟಿಗೆ ಹೆಸರಿಡಲ್ಲ."

ಇವತ್ತು ಬೆಳಿಗ್ಗೆ ಎಲ್ಲರೂ ಹೋಗಿ ಬಿಟ್ಟು ಬಂದೆವು, ಗೆಳೆಯರೇ. ದೊಡ್ಡಮ್ಮ ಮೊದಲ ಗುಟುಕಿಗೇ ಆಯಾಳನ್ನು ಕೇಳಿದಳು, "ಇದು ಚಾನೋ, ಪಾತ್ರೆ ತೊಳೆದ ನೀರೋ?"

"ನಡಿಯಾಕ್ ಬಂದ ದಿನ ನೀವೇ ಬಂದು ಕಾಸ್ರಿ ಅಜ್ಜಿ. ಅಲ್ಲೀತನ ಇದನ್ನೇ ಕುಡೀರಿ."

ಗೇಟಿನವರೆಗೂ ಅವರಿಬ್ಬರ ಮಾತು ಕೇಳಿಸುತ್ತಿತ್ತು. ಅಕ್ಕ ಅಲ್ಲೇ ನಿಂತು, ಪಟ್ಟಿಯ ಕೊನೆಗೆ 'ಜಗಳ' ಎಂದು ಬರೆದು ಟಿಕ್ ಹಾಕಿದಳು.